ಎರವಲು ಹೆಸರಿನ ಬೋರ್ಡು ಬೇಡ

ಬೋರ್ಡು ಮಾಡಿಸಲು ನನ್ನಲ್ಲಿಗೆ ಬರುವವರು ಮೊದಲು ಸೈಜು ಹೇಳುತ್ತಾರೆ. ಆಮೇಲೆ ರೇಟು ಕೇಳುತ್ತಾರೆ. ಲೈಟು ಅಕ್ಷರದ ಒಳಗಿರಬೇಕೋ ಹಿಂದಿರಬೇಕೋ ಎಂದು ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಹೆಸರೇನು ಎಂದು ನಾನು ಕೇಳಿದಾಗ ಮಾತ್ರ ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಮಳಿಗೆಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಸಾಲ ಮಂಜೂರಾಗಿರುತ್ತದೆ, ಪೂಜೆಗೆ ದಿನ ಗೊತ್ತಾಗಿರುತ್ತದೆ. ಹೆಸರೊಂದೇ ಬಾಕಿ. ‘ನೀವೇ ಒಂದು ಚೆನ್ನಾಗಿರೋದು ನೋಡಿ ಹಾಕಿಬಿಡಿ’ ಎನ್ನುತ್ತಾರೆ. ಇಲ್ಲವಾದರೆ ಮೊಬೈಲು ತೆಗೆದು, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಚೆನ್ನಾಗಿ ನಡೆಯುತ್ತಿರುವ ಅಂಗಡಿಯೊಂದರ ಫೋಟೊ ತೋರಿಸಿ, ‘ಹೀಗೇ ಇರಲಿ, ಒಂದಕ್ಷರ ಆಚೀಚೆ ಮಾಡಿ’ ಎನ್ನುತ್ತಾರೆ.

ದಾವಣಗೆರೆಯಲ್ಲಿ ನಾನು ಈ ಕೆಲಸ ಕಲಿತದ್ದು ತಗಡು, ಎನಾಮಲ್ ಪೇಂಟು, ಕುಂಚದ ಕಾಲದಲ್ಲಿ. ಆಮೇಲೆ ಫ್ಲೆಕ್ಸ್ ಬಂತು. ಈಗ ಎಸಿಪಿ ಶೀಟು, ಎಲ್‌ಇಡಿ ಅಕ್ಷರ. ಸಾಮಗ್ರಿ ಬದಲಾದರೂ ಬರುವವರ ಗೊಂದಲ ಬದಲಾಗಿಲ್ಲ. ಬರೆದ ಬೋರ್ಡುಗಳಲ್ಲಿ ಯಾವುವು ಉಳಿದವು, ಯಾವುವು ಇಳಿದವು ಎಂದು ನೋಡುತ್ತ ಬಂದವನಿಗೆ ಒಂದು ಮಾತು ಗಟ್ಟಿಯಾಗಿದೆ. ಹೊಸ ವ್ಯಾಪಾರಕ್ಕೆ ಇಡುವ ಹೆಸರು ಇಟ್ಟವರ ಸ್ವಂತದ್ದಾಗಿರಬೇಕು. ಊರಿನಿಂದ, ಮನೆತನದಿಂದ, ಮಾಡುವ ಕೆಲಸದಿಂದ, ಗಿರಾಕಿಯ ಬಾಯಿಂದ ಬಂದಿರಬೇಕು. ಗೆದ್ದವರ ಹೆಸರನ್ನು ಎರವಲು ತಂದು ತೂಗುಹಾಕಿದವರು ತಮ್ಮ ದುಡಿಮೆಯನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡುತ್ತಾರೆ. ಹೆಸರಿನ ಬಗ್ಗೆ ಯೋಚಿಸುವುದು ಶೋಕಿ ಎಂದು ತಿಳಿದವರಿದ್ದಾರೆ. ನನ್ನ ಪ್ರಕಾರ ಬಾಡಿಗೆ ಕರಾರಿಗೆ ಕೊಡುವಷ್ಟೇ ಗಮನವನ್ನು ಇದಕ್ಕೂ ಕೊಡಬೇಕು.

ನಮ್ಮ ನಾಡಿನಲ್ಲಿ ಬಾಳಿಕೆ ಬಂದ ಹೆಸರುಗಳನ್ನೇ ನೋಡಿ. ಲಾಲ್‌ಬಾಗ್ ಹತ್ತಿರದ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. 1960ರಲ್ಲಿ ಅದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂತು. ಕೆನರಾ ಬ್ಯಾಂಕಿನದೂ ಇಂಥದ್ದೇ ಕಥೆ. ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ್ದು ಕೆನರಾ ಹಿಂದೂ ಪರ್ಮನೆಂಟ್ ಫಂಡ್. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ನೆಲದ ಹೆಸರು ಉಳಿದು, ಉಳಿದದ್ದು ಕಳಚಿಕೊಂಡಿತು. ಎರಡೂ ಕಡೆ ಬಾಗಿಲು ಅಗಲವಾಗಿದೆ. ಇವತ್ತಿಗೂ ಜಾತಿಯ ಹೆಸರಿನ ಖಾನಾವಳಿಗೆ ಬೋರ್ಡು ಕೇಳಿಕೊಂಡು ಬರುವವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಓದಿದ ಕೂಡಲೇ ಬೀದಿಯಲ್ಲಿ ಹೋಗುವ ಅರ್ಧ ಜನ ‘ಇದು ನಮಗಲ್ಲ’ ಅಂದುಕೊಳ್ಳುವ ಹೆಸರು ಯಾಕೆ? ಊಟ ಹಸಿದವರೆಲ್ಲರಿಗೂ ಅಲ್ಲವೇ?

ಗಾಂಧಿಬಜಾರಿನಲ್ಲಿ 1943ರಲ್ಲಿ ಹೋಟೆಲು ತೆರೆದವರು ಸುತ್ತಮುತ್ತಲ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಿದ್ಯಾರ್ಥಿ ಭವನ ಎಂದರು. ಯಾರಿಗಾಗಿ ಅಡುಗೆ ಎಂಬುದನ್ನು ಬೋರ್ಡೇ ಹೇಳಿಬಿಟ್ಟಿತು. ಆ ವಿದ್ಯಾರ್ಥಿಗಳು ಅಜ್ಜಂದಿರಾದರು, ಹೆಸರಿಗೆ ವಯಸ್ಸಾಗಲಿಲ್ಲ. ಮಂಗಳೂರಿನಲ್ಲಿ ಐಡಿಯಲ್ ಐಸ್‌ಕ್ರೀಂ ಕಟ್ಟಿದ ಪ್ರಭಾಕರ ಕಾಮತರನ್ನು ಬಲ್ಲವರು ಪ್ರೀತಿಯಿಂದ ಕರೆಯುತ್ತಿದ್ದ ಹೆಸರೇ ಅವರ ಇನ್ನೊಂದು ಮಳಿಗೆ ಪಬ್ಬಾಸ್‌ಗೆ ಬಂತು. ಆ ಹೆಸರು ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ, ಬೇರೆ ಯಾರೂ ತಮ್ಮದೆನ್ನಲೂ ಆಗದು.

ಒಮ್ಮೆ ಜನರ ನಾಲಿಗೆಗೆ ಹತ್ತಿದ ಹೆಸರನ್ನು ಕೀಳುವುದು ಮಾಲೀಕರಿಗೂ ಸಾಧ್ಯವಿಲ್ಲ. ಮಲ್ಲೇಶ್ವರದ ಸೆಂಟ್ರಲ್ ಟಿಫಿನ್ ರೂಮ್ ಶ್ರೀ ಸಾಗರ್ ಆಗಿ ಎಷ್ಟೋ ಕಾಲವಾಯಿತು. ಬೆಣ್ಣೆ ಮಸಾಲೆಗೆ ಸಾಲು ನಿಲ್ಲುವವರು ಇವತ್ತಿಗೂ ಹೋಗುವುದು ಸಿಟಿಆರ್‌ಗೆ. ನಮ್ಮ ದಾವಣಗೆರೆಯಲ್ಲಿ ಆಟೊ ಹತ್ತಿ ‘ರಾಮ್ ಅಂಡ್ ಕೋ ಸರ್ಕಲ್’ ಎಂದರೆ ಸಾಕು, ಡ್ರೈವರು ಮರುಮಾತಿಲ್ಲದೆ ಗೇರು ಹಾಕುತ್ತಾನೆ. ವ್ಯಾಪಾರದ ಹೆಸರೊಂದು ಊರಿನ ವಿಳಾಸವೇ ಆಗಿಬಿಟ್ಟಿದೆ. ಇಷ್ಟು ದೂರ ಹೋಗಬಲ್ಲ ವಸ್ತುವನ್ನು ಪೂಜೆಯ ಹಿಂದಿನ ದಿನ ಗಡಿಬಿಡಿಯಲ್ಲಿ ತೀರ್ಮಾನ ಮಾಡುವುದು ಸರಿಯೇ?

ಈಗ ನನ್ನ ಕಸುಬಿನ ಒಂದು ವಿಷಯ. ಹತ್ತಡಿ ಉದ್ದ, ಮೂರಡಿ ಎತ್ತರದ ಬೋರ್ಡು ಎಂದುಕೊಳ್ಳಿ. ‘ಶ್ರೀ ಲಕ್ಷ್ಮೀವೆಂಕಟೇಶ್ವರ ಎಂಟರ್‌ಪ್ರೈಸಸ್’ ಎಂದು ಬರೆಯಬೇಕು. ಕನ್ನಡದಲ್ಲಿ ಗುಡಿಸು, ಏತ್ವ ಅಕ್ಷರದ ಮೇಲೆ ಕೂರುತ್ತವೆ, ಒತ್ತುಗಳು ಕೆಳಗಿಳಿಯುತ್ತವೆ. ‘ಕ್ಷ್ಮೀ’ಯ ಕೆಳಗೆ ಮಕಾರದ ಒತ್ತು, ‘ಶ್ವ’ದ ಕೆಳಗೆ ವಕಾರದ ಒತ್ತು. ‘ಪ್ರೈ’ಗೆ ಬಂದರೆ ರಕಾರದ ಒತ್ತಿನ ಜೊತೆಗೆ ಐತ್ವದ ಸುರುಳಿಯೂ ಕೆಳಗೇ ಬೇಕು. ಕೆಳಸಾಲಿನ ಇಂಗ್ಲಿಷಿಗೆ, ಫೋನ್ ನಂಬರಿಗೆ, ಸುತ್ತಲಿನ ಅಂಚಿಗೆ ಜಾಗ ತೆಗೆದು, ಈ ಒತ್ತುಗಳಿಗೂ ಜಾಗ ಬಿಟ್ಟರೆ ಮುಖ್ಯ ಅಕ್ಷರಕ್ಕೆ ಒಂದಡಿ ಎತ್ತರ ಉಳಿಯುವುದೂ ಕಷ್ಟ. ಉದ್ದಕ್ಕೆ ಕೂರಿಸಲು ಅಕ್ಷರವನ್ನು ಇನ್ನಷ್ಟು ಹಿಂಡಬೇಕು. ಪಿ.ಬಿ. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಅಲ್ಲೊಂದು ಕೆಂಪು ಗೆರೆ ಕಾಣುತ್ತದೆ, ಹೆಸರು ಕಾಣುವುದಿಲ್ಲ. ‘ನಂದಿನಿ’ಯನ್ನು ಬರೆದು ನೋಡಿ. ಮೂರೇ ಅಕ್ಷರ, ಒಂದೂ ಒತ್ತಿಲ್ಲ. ಬೋರ್ಡಿನ ತುಂಬ ನಿಲ್ಲುತ್ತದೆ, ರಸ್ತೆಯ ಆಚೆ ಬದಿಯಿಂದಲೂ ಓದಿಸಿಕೊಳ್ಳುತ್ತದೆ. ದೇವರ ಹೆಸರು ಬೇಡ ಎಂದು ನಾನು ಹೇಳುತ್ತಿಲ್ಲ. ಮನೆದೇವರ ಹೆಸರನ್ನು ಮೇಲೆ ಚಿಕ್ಕದಾಗಿ ಬರೆಯೋಣ. ಗಿರಾಕಿ ಕರೆಯಬೇಕಾದ ಹೆಸರು ನಡುವೆ ದೊಡ್ಡದಾಗಿ ನಿಲ್ಲಲಿ.

ಕನ್ನಡದ ಮಾತು ಬಂತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. ಆಗ ನಮ್ಮಂಥವರಿಗೆ ಕೈತುಂಬ ಕೆಲಸ ಸಿಕ್ಕಿತು, ನಿಜ. ಆದರೆ ಬಂದವರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ಹುಟ್ಟಿದ ಹೆಸರನ್ನು ಕನ್ನಡ ಲಿಪಿಗೆ ಇಳಿಸಿ ಅಳತೆ ಸರಿಮಾಡಿಕೊಂಡು ಹೋದರು. ಕಾನೂನಿಗೆ ಅಷ್ಟು ಸಾಕು. ವ್ಯಾಪಾರಕ್ಕೆ ಸಾಲದು. ಈಗ ಮೊದಲು ಕಣ್ಣಿಗೆ ಬೀಳುವುದು ಕನ್ನಡದ ಅಕ್ಷರವೇ ಆದಮೇಲೆ ಹೆಸರೂ ಕನ್ನಡದಲ್ಲೇ ಹುಟ್ಟಲಿ ಎಂಬುದು ನನ್ನ ಆಗ್ರಹ. ಸೊಪ್ಪು ಮಾರುವ ಅಜ್ಜಿ, ಶಾಲೆಗೆ ಹೋಗುವ ಹುಡುಗ, ಬಿಹಾರದಿಂದ ಬಂದ ಪೇಂಟರ್ ಹುಡುಗ ಮೂವರೂ ಒಂದೇ ಥರ ಉಚ್ಚರಿಸುವ ಹೆಸರುಗಳು ಕನ್ನಡದಲ್ಲಿ ಬೇಕಾದಷ್ಟು ಸಿಗುತ್ತವೆ.

ಊರಿನ ಹೆಸರನ್ನು ಇಡುವವರು ಒಂದು ವಿಷಯ ತಿಳಿದಿರಬೇಕು. ‘ದಾವಣಗೆರೆ ಬೆಣ್ಣೆದೋಸೆ’ ಎಂಬ ಬೋರ್ಡು ಇವತ್ತು ರಾಜ್ಯದ ಯಾವ ಊರಿಗೆ ಹೋದರೂ ಕಾಣುತ್ತದೆ. ನಮ್ಮೂರಿಗೆ ಅದು ಹೆಮ್ಮೆ. ಆದರೆ ಅದು ಒಬ್ಬನ ಸ್ವತ್ತಾಗಲಾರದು. ಸರಕು ಯಾವುದು, ಎಲ್ಲಿಯದು ಎಂದು ಹೇಳುವುದಷ್ಟನ್ನೇ ಮಾಡುವ ಹೆಸರನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆ ಸುಲಭಕ್ಕೆ ಒಬ್ಬರ ಹೆಸರಿಗೆ ಬರೆದುಕೊಡುವುದಿಲ್ಲ. ಮೈಸೂರು ಸ್ಯಾಂಡಲ್ ಸೋಪ್ ಎಂಬುದರಲ್ಲಿ ಊರು, ಗಂಧ, ಸಾಬೂನು ಮೂರೂ ನೇರವಾಗಿಯೇ ಇವೆಯಲ್ಲ ಎಂದು ಕೇಳಬಹುದು. ಅದರ ಬೆನ್ನಿಗೆ 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಇದೆ, ನೂರು ವರ್ಷ ಮೀರಿದ ಬಳಕೆ ಇದೆ. ಮೊನ್ನೆ ಷಟರ್ ಎತ್ತಿದವರಿಗೆ ಅಷ್ಟು ಕಾಲವೂ ಇಲ್ಲ, ಅಷ್ಟು ಬಂಡವಾಳವೂ ಇಲ್ಲ. ಧಾರವಾಡದವರು ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದಾರೆ. ಧಾರವಾಡ ಪೇಡಾ ಎಂಬುದು ಭೌಗೋಳಿಕ ಸೂಚಿಯಾಗಿ ಊರಿಗೇ ಸೇರಿದ ಹೆಸರು. ಲೈನ್ ಬಜಾರಿನ ಬಾಬುಸಿಂಗ್ ಠಾಕೂರ್ ಎಂದಾಗ ಮಾತ್ರ ಅದು ಒಂದು ಮನೆತನದ ಪೇಡಾ. ಊರು ಎಲ್ಲರದು, ಮನೆತನ ನಮ್ಮದು. ಎರಡನ್ನೂ ಜೊತೆಗಿಟ್ಟರೆ ಹೆಸರಿಗೆ ಬೇರೂ ಬರುತ್ತದೆ, ಬೇಲಿಯೂ ಬರುತ್ತದೆ.

ದೇವರ ಹೆಸರಿನ ವಿಷಯದಲ್ಲೂ ಇದೇ ತತ್ವ. ಹಾಲು ಮಹಾಮಂಡಳ ‘ನಂದಿನಿ’ಯನ್ನು 1985ರಿಂದ ಬಳಸುತ್ತಿತ್ತು. ‘ನಂದಿನಿ’ ಎಂಬುದೇ ಹೆಸರಿನಲ್ಲಿರುವ ಬೆಂಗಳೂರಿನ ರೆಸ್ಟೋರೆಂಟಿನವರು 1989ರಿಂದ ಅದನ್ನು ಬಳಸುತ್ತಿದ್ದರು. ಇಂಗ್ಲಿಷ್ ಕಾಗುಣಿತದಲ್ಲಿ ಇದ್ದದ್ದು ಒಂದಕ್ಷರದ ವ್ಯತ್ಯಾಸ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರ ಜುಲೈನಲ್ಲಿ ತೀರ್ಪು ಬಂತು. ನಂದಿನಿ ಎಂಬುದು ಪುರಾಣದ ದೇವಿಯ, ಹಸುವಿನ ಹೆಸರು, ಯಾರೂ ಹೊಸದಾಗಿ ಸೃಷ್ಟಿಸಿದ ಪದವಲ್ಲ, ಸರಕು ಬೇರೆ, ಗುರುತಿನ ಚಿತ್ರ ಬೇರೆ ಎಂದು ಕೋರ್ಟು ರೆಸ್ಟೋರೆಂಟಿನವರ ಪರವಾಗಿ ಹೇಳಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಅವರ ನೋಂದಣಿಯಿಂದ ಹೊರಗಿಟ್ಟಿತು. ಮಂಜುನಾಥ, ಬಸವೇಶ್ವರ, ಅನ್ನಪೂರ್ಣ ಎಂದಷ್ಟೇ ಬೋರ್ಡು ಹಾಕುವವರು ಇದನ್ನು ನೆನಪಿಡಬೇಕು. ನಾಳೆ ಎದುರಿಗೇ ಇನ್ನೊಂದು ಅನ್ನಪೂರ್ಣ ಬಂದರೆ ‘ಇದು ನನ್ನದು’ ಎಂದು ಸಾಧಿಸುವುದು ಸುಲಭವಲ್ಲ. ಸುಪ್ರೀಂ ಕೋರ್ಟಿನವರೆಗೆ ನಡೆಯುವ ಶಕ್ತಿ ನಮ್ಮ ಮಂಡಿಪೇಟೆಯ ಸಣ್ಣ ವ್ಯಾಪಾರಿಗೆ ಎಲ್ಲಿಂದ ಬರಬೇಕು?

ಒಂದಕ್ಷರ ಆಚೀಚೆ ಮಾಡಿ ದೊಡ್ಡವರ ಹೆಸರು ಹಾಕಿಕೊಂಡವರ ಪಾಡು ಇನ್ನೂ ಕಷ್ಟ. ನಾನು ಬಲ್ಲ ಒಬ್ಬ ಯುವಕ ಹೀಗೆಯೇ ಹೋಟೆಲು ತೆರೆದ. ರುಚಿ ಚೆನ್ನಾಗಿತ್ತು, ಕೈ ಶುದ್ಧವಾಗಿತ್ತು, ವರ್ಷ ತುಂಬುವುದರೊಳಗೆ ಜನ ಹುಡುಕಿಕೊಂಡು ಬರತೊಡಗಿದರು. ಹೆಸರುವಾಸಿಯಾದದ್ದೇ ವಕೀಲರ ನೋಟಿಸ್ ಬಂತು. ಬೋರ್ಡು ಇಳಿಯಿತು. ಅದರ ಹಿಂದೆಯೇ ಅಚ್ಚಾದ ಮೆನು ಕಾರ್ಡು, ಬಿಲ್ ಪುಸ್ತಕ, ಪಾರ್ಸೆಲ್ ಡಬ್ಬಿ, ಕ್ಯಾರಿಬ್ಯಾಗು, ಹುಡುಗರ ಟೀ ಶರ್ಟು ಎಲ್ಲ ವ್ಯರ್ಥವಾದವು. ಹೊಸ ಬೋರ್ಡು ಏರಿದ ಮೇಲೆ ಹಳೆಯ ಗಿರಾಕಿಗಳು ಬಾಗಿಲವರೆಗೆ ಬಂದು, ಹೋಟೆಲು ಕೈಬದಲಾಗಿದೆ ಅಂದುಕೊಂಡು ಮುಂದೆ ಹೋದರು. ಆ ಹುಡುಗನ ಸಾಂಬಾರು ಅವನದೇ ಆಗಿತ್ತು, ಬೆಳಗಿನ ನಾಲ್ಕು ಗಂಟೆಯ ದುಡಿಮೆ ಅವನದೇ ಆಗಿತ್ತು. ಹೆಸರೊಂದು ಅವನದಾಗಿರಲಿಲ್ಲ. ಅಷ್ಟು ಶ್ರಮಪಡಬಲ್ಲವನಿಗೆ ಮೊದಲೇ ಯಾರಾದರೂ ಕೂರಿಸಿ ತಿಳಿಹೇಳಿದ್ದರೆ ಆ ಒಂದು ವರ್ಷ ಉಳಿಯುತ್ತಿತ್ತು ಎಂಬ ಸಂಕಟ ನನಗೆ ಈಗಲೂ ಇದೆ.

ತಿಳಿಹೇಳಬೇಕಾದದ್ದು ಹೆಚ್ಚೇನಿಲ್ಲ. ಜಿಎಸ್‌ಟಿ ನೋಂದಣಿ ಆಯಿತು, ಪಾಲಿಕೆಯ ಟ್ರೇಡ್ ಲೈಸೆನ್ಸ್ ಬಂತು, ಇನ್ನು ಹೆಸರು ನನ್ನದೇ ಎಂದು ಬಹಳ ಜನ ನಂಬಿದ್ದಾರೆ. ಅವೆರಡೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಕಂಪನಿಯಾಗಿ ನೋಂದಾಯಿಸಿದರೂ ಟ್ರೇಡ್‌ಮಾರ್ಕ್ ಬೇರೆಯೇ. ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಿ, ತಮ್ಮ ಹೆಸರನ್ನೋ ಹತ್ತಿರದ ಉಚ್ಚಾರವನ್ನೋ ಬೇರೆಯವರು ಮೊದಲೇ ಪಡೆದಿದ್ದಾರೆಯೇ ಎಂದು ನೋಡಬಹುದು. ಸರಕು ಮತ್ತು ಸೇವೆಗಳನ್ನು ಒಟ್ಟು 45 ವರ್ಗಗಳಾಗಿ ಮಾಡಿದ್ದಾರೆ. ಹೋಟೆಲು 43ನೆಯದು, ಮಸಾಲೆ ಪುಡಿಯಂಥದ್ದು 30ನೆಯದು. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಅರ್ಜಿ ಒಪ್ಪಿಗೆಯಾದರೆ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಕ್ಕೆ ನಾಲ್ಕು ತಿಂಗಳ ಅವಕಾಶ ಇರುತ್ತದೆ. ನೋಂದಣಿಯಾದರೆ ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ಒಂದು ಎಲ್‌ಇಡಿ ಬೋರ್ಡಿಗೆ ನನಗೆ ಕೊಡುವ ದುಡ್ಡಿನ ಪಕ್ಕದಲ್ಲಿ ಈ ಶುಲ್ಕ ಬಹಳ ಚಿಕ್ಕದು. ಮೊದಲಿನಿಂದ ಬಳಸುತ್ತ ಬಂದವರಿಗೂ ಕಾನೂನಿನಲ್ಲಿ ರಕ್ಷಣೆ ಇದೆ. ಅದಕ್ಕೆ ಪುರಾವೆ ಬೇಕು. ಆದ್ದರಿಂದ ಮೊದಲ ದಿನದ ಬಿಲ್ಲು, ಉದ್ಘಾಟನೆಯ ಆಮಂತ್ರಣ, ತಾರೀಖು ಇರುವ ಬೋರ್ಡಿನ ಫೋಟೊ ಜೋಪಾನವಾಗಿರಲಿ.

ಇಂಗ್ಲಿಷ್ ಕಾಗುಣಿತದ ಗೋಜಲೂ ಒಂದಿದೆ. ನಮ್ಮ ‘ಶ್ರೀ’ಯನ್ನೇ ಇಂಗ್ಲಿಷಿನಲ್ಲಿ ಮೂರು ರೀತಿ ಬರೆಯುತ್ತಾರೆ. ಬ್ಯಾಂಕ್ ಖಾತೆಯಲ್ಲಿ ಒಂದು, ಆಹಾರ ಸುರಕ್ಷತೆಯ ಪರವಾನಗಿಯಲ್ಲಿ ಇನ್ನೊಂದು, ಬೋರ್ಡಿನಲ್ಲಿ ಮತ್ತೊಂದು. ಸಂಖ್ಯಾಶಾಸ್ತ್ರದವರು ಹೇಳಿದರೆಂದು ನಡುವೆ ಇನ್ನೊಂದು ಅಕ್ಷರ ತುರುಕಿಸುವುದೂ ಉಂಟು. ನಂಬಿಕೆ ಅವರವರದು, ಅದಕ್ಕೆ ನಾನು ಅಡ್ಡಬರುವುದಿಲ್ಲ. ಆದರೆ ಯಾವುದೇ ಕಾಗುಣಿತವಾದರೂ ಎಲ್ಲ ಕಾಗದದಲ್ಲೂ ಒಂದೇ ಆಗಿರಲಿ. ಗಿರಾಕಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬೋರ್ಡಿನಲ್ಲಿರುವ ಹೆಸರೇ ಬರಬೇಕು. ಬೇರೆ ಹೆಸರು ಕಂಡರೆ ‘ಇದು ನಿಮ್ಮದೇನಾ?’ ಎಂದು ಕೇಳಿ ಕೈ ತಡೆಯುತ್ತಾನೆ. ಸಂಶಯ ಅಲ್ಲಿಂದಲೇ ಶುರು.

ಅಣ್ಣ ತಮ್ಮಂದಿರು, ಗೆಳೆಯರು ಸೇರಿ ಅಂಗಡಿ ಹಾಕುವಾಗ ಪಾಲುದಾರಿಕೆ ಪತ್ರದಲ್ಲಿ ಬಂಡವಾಳ ಬರೆಯುತ್ತಾರೆ, ಲಾಭದ ಹಂಚಿಕೆ ಬರೆಯುತ್ತಾರೆ. ಬೇರೆಯಾದರೆ ಹೆಸರು ಯಾರಿಗೆ ಎಂದು ಬರೆಯುವುದಿಲ್ಲ. ಆಮೇಲೆ ಒಂದೇ ಬೀದಿಯಲ್ಲಿ ಒಂದು ‘ಒರಿಜಿನಲ್’, ಇನ್ನೊಂದು ‘ಹಳೇ’, ಮತ್ತೊಂದು ‘ನ್ಯೂ’. ಮೂವರಿಗೂ ನಾನೇ ಬೋರ್ಡು ಮಾಡಿಕೊಟ್ಟಿರುತ್ತೇನೆ, ಮೂವರ ಮನಸ್ಸಿನ ನೋವನ್ನೂ ಕೇಳಿರುತ್ತೇನೆ. ತಂದೆಯ ಹೆಸರಿನ ಮೇಲೆ ಮಕ್ಕಳು ಕೋರ್ಟಿಗೆ ಹೋಗುವುದನ್ನು ಒಂದು ಸಾಲಿನ ಬರಹ ತಪ್ಪಿಸಬಲ್ಲದು. ಪ್ರೀತಿ ಇರುವಾಗಲೇ ಆ ಸಾಲು ಬರೆದಿಡಿ.

ಒಳ್ಳೆಯ ಹೆಸರು ಹುಡುಕಲು ದೊಡ್ಡ ಜಾಹೀರಾತು ಕಂಪನಿ ಬೇಡ. ಹರಿಹರದ ಕಡೆಯ ಒಬ್ಬ ತಾಯಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಪ್ಯಾಕೆಟ್ಟಿಗೆ ಲೇಬಲ್ ಮಾಡಿಸಲು ಬಂದಿದ್ದರು. ಮಗ ಬರೆದುಕೊಟ್ಟ ಚೀಟಿಯಲ್ಲಿ ರಾಯಲ್, ಗೋಲ್ಡ್, ಪ್ರೀಮಿಯಂ ಎಂದೆಲ್ಲ ಇತ್ತು. ‘ಜನ ನಿಮ್ಮ ರೊಟ್ಟಿಗೆ ಏನಂತ ಕೇಳ್ಕೊಂಡು ಬರ್ತಾರಮ್ಮ?’ ಎಂದೆ. ‘ಏನಂತಾರೆ, ಬೇವಿನಮರದ ಮನೆ ರೊಟ್ಟಿ ಅಂತಾರೆ’ ಎಂದರು. ಅವರ ಅಂಗಳದಲ್ಲಿ ದೊಡ್ಡ ಬೇವಿನ ಮರವಿದೆ. ಇಷ್ಟು ದಿನ ಅವರ ಕೈಗುಣಕ್ಕೆ ಊರೇ ಕೊಟ್ಟಿದ್ದ ಹೆಸರು ಅದು. ಹಾಳೆಯ ಮೇಲೆ ಬರೆದು ತೋರಿಸಿದೆ. ಅವರು ಓದಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ಇದನ್ನ ಹಾಕಬಹುದಾ?’ ಎಂದು ಕೇಳಿದರು. ತಮ್ಮದನ್ನು ತಾವೇ ಬಳಸಲು ಯಾರದೋ ಅಪ್ಪಣೆ ಬೇಕು ಎಂಬ ಆ ಅಳುಕು ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಆಳವಾಗಿದೆ. ಪರರ ಹೆಸರಿಗೆ ಕೈಚಾಚುವುದು ಬಹಳ ಸಲ ದುರಾಸೆಯಿಂದಲ್ಲ, ತಮ್ಮ ಹೆಸರಿನಲ್ಲಿ ಏನೂ ಇಲ್ಲ ಎಂಬ ಈ ಕೀಳರಿಮೆಯಿಂದ.

ಆದ್ದರಿಂದಲೇ ಇದು ಬರೀ ಅಂಗಡಿಯವರ ಜವಾಬ್ದಾರಿಯಲ್ಲ. ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ತರಬೇತಿ ಸಂಸ್ಥೆ ಶುರುವಾದಾಗಿನಿಂದ ಸ್ವಉದ್ಯೋಗದ ತರಬೇತಿಗೆ ನಮ್ಮ ರಾಜ್ಯ ದೇಶಕ್ಕೇ ಮಾದರಿಯಾಗಿದೆ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸ್ವಸಹಾಯ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು ಒಟ್ಟಾಗಿ ಮಾಡುವ ಬ್ರ್ಯಾಂಡಿಂಗ್ ಖರ್ಚಿಗೆ ಶೇ 50ರವರೆಗೆ ನೆರವಿದೆ. ಇಷ್ಟೆಲ್ಲ ಇರುವಾಗ, ಸಾಲ ಕೊಡುವ ಮುನ್ನ ನಡೆಯುವ ಪ್ರತಿ ತರಬೇತಿಯಲ್ಲೂ ಅರ್ಧ ದಿನ ಹೆಸರಿಗೆಂದೇ ಮೀಸಲಾಗಲಿ. ಟ್ರೇಡ್‌ಮಾರ್ಕ್ ಹುಡುಕುವುದನ್ನು ಅವರವರ ಮೊಬೈಲಿನಲ್ಲೇ ಮಾಡಿಸಿ ತೋರಿಸಲಿ. ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಅರ್ಜಿ ತುಂಬಿಕೊಡುವ ಒಂದು ಮೇಜು ಇರಲಿ. ಬ್ಯಾಂಕಿನವರು ಕೊಟೇಶನ್ ಕೇಳುವಾಗಲೇ ಹೆಸರು ಪರಿಶೀಲನೆಯಾಗಿದೆಯೇ ಎಂದೂ ಕೇಳಲಿ. ಸಾಲ ಪಡೆದವರ ಬೋರ್ಡು ನಾಳೆ ಇಳಿದರೆ ಕಂತು ನಿಲ್ಲುವುದು ಬ್ಯಾಂಕಿನದೇ.

ಹೊಸದಾಗಿ ಶುರುಮಾಡುವವರಿಗೆ ನನ್ನ ಕೋರಿಕೆ: ಮಳಿಗೆ ಹುಡುಕಲು ಹೊರಟ ದಿನವೇ ಹೆಸರು ಹುಡುಕಲೂ ಶುರುಮಾಡಿ. ನಾಲ್ಕಾರು ಹೆಸರು ಬರೆದುಕೊಳ್ಳಿ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು ಫೋನಿನಲ್ಲಿ ಹೇಳಿ ನೋಡಿ, ಆ ಕಡೆಯವರಿಗೆ ಒಂದೇ ಸಲಕ್ಕೆ ತಿಳಿಯಬೇಕು. ನಾಲ್ಕನೇ ಕ್ಲಾಸಿನ ಮಗುವಿನ ಕೈಲಿ ಬರೆಸಿ, ತಪ್ಪಿಲ್ಲದೆ ಬರೆಯಬೇಕು. ನೀವು ಇವತ್ತು ದೋಸೆ ಮಾರುತ್ತ ನಾಳೆ ಚಟ್ನಿಪುಡಿಯನ್ನೂ ಮಾರುವುದಾದರೆ ಆ ಹೆಸರು ಎರಡಕ್ಕೂ ಒಗ್ಗಬೇಕು. ಇಷ್ಟು ದಾಟಿದ್ದನ್ನು ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಹುಡುಕಿ, ಅರ್ಜಿ ಹಾಕಿ, ಆಮೇಲೆ ನಮ್ಮ ಹತ್ತಿರ ಬನ್ನಿ. ಬೋರ್ಡು ಒಂದು ವಾರ ತಡವಾದರೆ ಯಾವ ವ್ಯಾಪಾರವೂ ಕೆಡುವುದಿಲ್ಲ. ನೀವು ದುಡಿದು ಸಂಪಾದಿಸುವ ಒಳ್ಳೆಯ ಮಾತೆಲ್ಲ ಬಂದು ಸೇರುವುದು ಆ ಹೆಸರಿಗೆ. ಅದು ನಿಮ್ಮದೇ ಆಗಿದ್ದರೆ ನಿಮ್ಮ ಮಕ್ಕಳಿಗೂ ಸಲ್ಲುತ್ತದೆ.